ತಲೆಗೊಂದು ಓಮೆರ್

(ತಾಳವಾಡಿ ಬೆಟ್ಟದ ತೋಟ ಕೆಲಸಗಾರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಸತ್ಯವೇದದ ಎರಡು ಸಣ್ಣ ಮಾತುಗಳನ್ನು ತೆಗೆದುಕೊಂಡು ಯೋಚಿಸೋಣ. ಒಂದು, ಅಳತೆಯ ಹೆಸರು: ಓಮೆರ್. ಇನ್ನೊಂದು, ಇಬ್ರಿಯ ಭಾಷೆಯಲ್ಲಿ ಪದದ ಮುಂದೆ ಅಂಟಿಕೊಂಡು ಬರುವ ಒಂದೇ ಒಂದು ಅಕ್ಷರ: ‘ಲೆ’. ಇಷ್ಟು ಸಣ್ಣ ಮಾತಿಗೆ ಒಂದು ಭಾಷಣ ಬೇಕೇ ಎಂದು ಯಾರಾದರೂ ಕೇಳಬಹುದು. ಬೇಕು. ಏಕೆಂದರೆ ನಮ್ಮ ಕೂಲಿ, ನಮ್ಮ ರೇಷನ್, ನಮ್ಮ ಮನೆಯ ಮುದ್ದೆ ಇವೆಲ್ಲ ಎರಡು ಪ್ರಶ್ನೆಗಳ ಮೇಲೆ ನಿಂತಿವೆ. ಎಷ್ಟು? ಯಾರಿಗೆ? ಓಮೆರ್ ಎಂಬುದು ‘ಎಷ್ಟು’ ಎಂಬುದರ ಉತ್ತರ. ‘ಲೆ’ ಎಂಬುದು ‘ಯಾರಿಗೆ’ ಎಂಬುದರ ಉತ್ತರ.

ಮೊದಲು ಅಳತೆಯನ್ನು ನೋಡೋಣ. ನಮ್ಮ ಹಿರಿಯರು ರಾಗಿಯನ್ನು ಕಿಲೋದಲ್ಲಿ ಲೆಕ್ಕ ಹಾಕಿದವರಲ್ಲ. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂದು ಅಳೆದರು. ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದರೆ ಪಡಿ, ಮರಕ್ಕಾಲು ಎಂದರು. 1956ರಲ್ಲಿ ತೂಕ ಅಳತೆಗಳ ಕಾನೂನು ಬಂದ ಮೇಲೆ ನಮ್ಮ ದೇಶಕ್ಕೆಲ್ಲ ಕಿಲೋ ಲೀಟರುಗಳು ಬಂದವು. ಅದಕ್ಕೆ ಮುಂಚೆ ಒಂದು ಊರಿನ ಕೊಳಗ ಇನ್ನೊಂದು ಊರಿನ ಕೊಳಗಕ್ಕೆ ಸರಿಯಾಗಿರುತ್ತಿರಲಿಲ್ಲ.

ಇಸ್ರಾಯೇಲ್ಯರಿಗೂ ಹಾಗೆಯೇ ಕಾಳಿನ ಅಳತೆಗಳಿದ್ದವು. ಹತ್ತು ಓಮೆರ್ ಸೇರಿದರೆ ಒಂದು ಏಫಾ. ಇದನ್ನು ವಿಮೋಚನಕಾಂಡ 16ನೆಯ ಅಧ್ಯಾಯದ ಕೊನೆಯ ವಚನವೇ ತಿಳಿಸುತ್ತದೆ. ಹತ್ತು ಏಫಾ ಸೇರಿದರೆ ಒಂದು ಹೋಮೆರ್. ಇದು ಯೆಹೆಜ್ಕೇಲನ 45ನೆಯ ಅಧ್ಯಾಯದಲ್ಲಿದೆ. ಓಮೆರ್ ಬೇರೆ, ಹೋಮೆರ್ ಬೇರೆ. ಇಬ್ರಿಯದಲ್ಲಿ ಇವುಗಳ ಮೊದಲಕ್ಷರಗಳೇ ಬೇರೆ. ಹೋಮೆರ್ ಎಂಬುದು ಕತ್ತೆ ಎಂಬ ಪದಕ್ಕೆ ನಂಟಿರುವ ಮಾತು, ಅಂದರೆ ಒಂದು ಕತ್ತೆ ಹೊರುವಷ್ಟು. ಒಂದು ಹೋಮೆರಿನಲ್ಲಿ ನೂರು ಓಮೆರ್ ಇವೆ. ಓದುವಾಗ ಒಂದು ಅಕ್ಷರ ತಪ್ಪಿದರೆ ಲೆಕ್ಕ ನೂರು ಪಾಲು ತಪ್ಪುತ್ತದೆ.

ಇಂದಿನ ಲೆಕ್ಕದಲ್ಲಿ ಇದು ಎಷ್ಟು? ಪಂಡಿತರೆಲ್ಲರ ಉತ್ತರ ಒಂದೇ ಅಲ್ಲ. ಭೂಮಿ ಅಗೆದು ತೆಗೆದ ಹಳೆಯ ಜಾಡಿಗಳನ್ನು ನೋಡಿ ಏಫಾಕ್ಕೆ ಸುಮಾರು 22 ಲೀಟರ್ ಎನ್ನುವವರಿದ್ದಾರೆ. ಹೆಚ್ಚು ಹೇಳುವವರೂ ಇದ್ದಾರೆ. ಆ ಲೆಕ್ಕದಂತೆ ಓಮೆರ್ ಎಂದರೆ ಎರಡು ಲೀಟರಿಗೆ ಸ್ವಲ್ಪ ಮೇಲೆ. ಒಬ್ಬ ಮನುಷ್ಯನ ಒಂದು ದಿನದ ಊಟ. ರೂತಳು ಬೋವಜನ ಹೊಲದಲ್ಲಿ ಸಂಜೆಯ ತನಕ ಹಕ್ಕಲಾಯ್ದು ಬಡಿದಾಗ ಸುಮಾರು ಒಂದು ಏಫಾ ಜವೆಗೋದಿ ಸಿಕ್ಕಿತು. ಅಂದರೆ ಹತ್ತು ಓಮೆರ್. ತಾನೂ ಅತ್ತೆಯೂ ಐದು ದಿನ ಉಣ್ಣುವಷ್ಟು. ಹಕ್ಕಲಾಯುವವಳಿಗೆ ಇಷ್ಟು ಸಿಕ್ಕಿದ್ದು ಬೇಕೆಂದೇ ತೆನೆ ಬಿಟ್ಟುಹೋಗಿರೆಂದು ಯಜಮಾನನು ಆಳುಗಳಿಗೆ ಹೇಳಿದ್ದರಿಂದ.

ಓಮೆರ್ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ಕೊಯ್ದು ಕಟ್ಟಿದ ಸಿವುಡಿಗೂ ಇಬ್ರಿಯದಲ್ಲಿ ಅದೇ ಅಕ್ಷರಗಳು. ಸುಗ್ಗಿಯ ಮೊದಲ ಸಿವುಡನ್ನು ಯಾಜಕನ ಬಳಿಗೆ ತರಬೇಕೆಂದು ಯಾಜಕಕಾಂಡ 23ರಲ್ಲಿದೆ. ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲು ಹಿಂದಕ್ಕೆ ಹೋಗಬೇಡ, ಅದು ಪರದೇಶಿಗೂ ತಾಯಿತಂದೆಯಿಲ್ಲದವರಿಗೂ ವಿಧವೆಗೂ ಸೇರಿದ್ದು ಎಂದು ಧರ್ಮೋಪದೇಶಕಾಂಡ 24ರಲ್ಲಿದೆ.

ಈಗ ‘ಲೆ’. ಕನ್ನಡದಲ್ಲಿ ನಾವು ‘ಗೆ’, ‘ಕ್ಕೆ’ ಎಂದು ಪದದ ಕೊನೆಗೆ ಸೇರಿಸುತ್ತೇವೆ. ತಮಿಳಿನಲ್ಲಿ ‘ಕ್ಕು’ ಎನ್ನುತ್ತೇವೆ. ನಮ್ಮ ಬೆಟ್ಟದ ಮಕ್ಕಳಿಗೆ ಎರಡೂ ಬರುತ್ತವೆ. ಇಬ್ರಿಯರು ಅದನ್ನೇ ಪದದ ಮುಂದಕ್ಕೆ ಸೇರಿಸುತ್ತಾರೆ. ‘ಮೆಲೆಕ್’ ಎಂದರೆ ರಾಜ. ‘ಲಮೆಲೆಕ್’ ಎಂದರೆ ರಾಜನಿಗೆ. ಯೆಹೂದ ದೇಶದ ಹಳೆಯ ಊರುಗಳನ್ನು, ಮುಖ್ಯವಾಗಿ ಲಾಕೀಷನ್ನು, ಅಗೆದಾಗ ಜಾಡಿಗಳ ಹಿಡಿಗಳ ಮೇಲೆ ಇದೇ ಮುದ್ರೆ ಸಿಕ್ಕಿತು. ಇಂಥ ಹಿಡಿಗಳು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಅವು ಹಿಜ್ಕೀಯ ರಾಜನ ಕಾಲದವು, ಅಂದರೆ ಕ್ರಿಸ್ತಪೂರ್ವ 700ರ ಸುಮಾರಿನವು. ಅಲ್ಲಿ ‘ಲೆ’ ಎಂದರೆ ‘ಇಂಥವರಿಗೆ ಸೇರಿದ್ದು’. ಕೀರ್ತನೆಗಳ ತಲೆಬರಹದಲ್ಲಿ ‘ಲೆದಾವೀದ್’ ಎಂದಿದೆ. ದಾವೀದನದು, ದಾವೀದನಿಗೆ, ದಾವೀದನನ್ನು ಕುರಿತದ್ದು, ಮೂರು ಅರ್ಥವೂ ಆಗಬಲ್ಲದು. ನಮ್ಮ ಭಾಷೆಯಲ್ಲೂ ‘ಅವನಿಗೆ ಎರಡು ಎಕರೆ ಇದೆ’ ಎಂದರೆ ಅದು ಅವನದೇ ಎಂದರ್ಥವಲ್ಲವೇ?

ಈ ‘ಲೆ’ಗೆ ಇನ್ನೊಂದು ಕೆಲಸವಿದೆ. ಹಂಚುವ ಕೆಲಸ. ‘ಆಳಿಗೆ ಇಷ್ಟು, ದಿನಕ್ಕೆ ಇಷ್ಟು, ಕಿಲೋಗೆ ಇಷ್ಟು’ ಎನ್ನುವಾಗ ನಮ್ಮ ‘ಗೆ’ ಮಾಡುವ ಕೆಲಸವೇ ಅದು. ತೋಟದಲ್ಲಿ ಹುಟ್ಟಿದ ಮಗು ಮೊದಲು ಕಲಿಯುವ ಲೆಕ್ಕವೂ ಅದೇ. ಮನ್ನದ ಅಧ್ಯಾಯದಲ್ಲಿ ದೇವರು ಆಜ್ಞಾಪಿಸಿದ ಅಳತೆ ‘ಓಮೆರ್ ಲಗುಲ್ಗೋಲೆತ್’. ಗುಲ್ಗೋಲೆತ್ ಎಂದರೆ ತಲೆಬುರುಡೆ. ತಲೆಗೊಂದು ಓಮೆರ್! ಇಂಗ್ಲಿಷಿನವರು ಇದಕ್ಕೆ ಬೇರೆ ಮಾತು ಹುಡುಕಬೇಕು. ನಮಗೆ ಹುಡುಕುವ ಕೆಲಸವೇ ಇಲ್ಲ. ಕರ್ತನು ಶಿಲುಬೆ ಹೊತ್ತು ಹೋದ ಗೊಲ್ಗೊಥಾ ಎಂಬ ಸ್ಥಳದ ಹೆಸರೂ ಇದೇ ಪದದ ಅರಾಮಿಕ್ ರೂಪ.

ಈ ‘ತಲೆಗೆ’ ಎಂಬ ಮಾತು ಮೋಶೆಯ ಪುಸ್ತಕಗಳಲ್ಲಿ ಬೇರೆ ಕಡೆಯೂ ಬರುತ್ತದೆ. ಅರಣ್ಯಕಾಂಡದ ಮೊದಲ ಅಧ್ಯಾಯದಲ್ಲಿ ತಲೆ ಎಣಿಸುತ್ತಾರೆ. ಎಣಿಸಿದ್ದು ಗಂಡಸರನ್ನು ಮಾತ್ರ, ಇಪ್ಪತ್ತು ವರ್ಷ ತುಂಬಿ ಯುದ್ಧಕ್ಕೆ ಹೋಗಬಲ್ಲವರನ್ನು. ವಿಮೋಚನಕಾಂಡ 38ರಲ್ಲಿ ತಲೆಗೆ ಒಂದು ಬೆಕಾ, ಅಂದರೆ ಅರ್ಧ ಶೆಕೆಲ್ ಬೆಳ್ಳಿ ಎತ್ತುತ್ತಾರೆ. ಕೊಟ್ಟವರೂ ಇಪ್ಪತ್ತು ದಾಟಿದ ಗಂಡಸರೇ. ಆದರೆ ಮನ್ನದ ಲೆಕ್ಕದಲ್ಲಿ ತಲೆ ಎಂದರೆ ಗುಡಾರದಲ್ಲಿರುವ ಪ್ರತಿಯೊಂದು ಜೀವ. ಗಂಡಸಾದರೂ, ಹೆಂಗಸಾದರೂ, ಹಾಸಿಗೆ ಹಿಡಿದ ಅಜ್ಜಿಯಾದರೂ, ಮೊಲೆ ಬಿಟ್ಟ ಕೂಸಾದರೂ ಒಂದೊಂದು ಓಮೆರ್. ಮಾತು ಒಂದೇ, ಅಕ್ಷರ ಒಂದೇ. ಯುದ್ಧಕ್ಕೂ ತೆರಿಗೆಗೂ ಎಣಿಸಿದಾಗ ದುಡಿಯುವ ತಲೆ ಮಾತ್ರ ಲೆಕ್ಕಕ್ಕೆ ಬಂತು. ಅನ್ನಕ್ಕೆ ಎಣಿಸಿದಾಗ ಎಲ್ಲಾ ತಲೆಯೂ ಬಂತು.

ನಮಗೂ ಈ ಎರಡು ಲೆಕ್ಕಗಳು ಗೊತ್ತು. ತೋಟದ ಮಸ್ಟರಿನಲ್ಲಿ ಬೆಳಿಗ್ಗೆ ಬಂದ ಆಳಿನ ಹೆಸರು ಮಾತ್ರ ಇರುತ್ತದೆ. ಒಲೆಯ ಮೇಲಿನ ಮಡಕೆಗೆ ಮಸ್ಟರಿಲ್ಲ. ಅದಕ್ಕೆ ಬಾಯಿಯ ಲೆಕ್ಕ. ಅದೇ ವಚನದಲ್ಲಿ ಇನ್ನೊಂದು ಮಾತಿದೆ, ‘ಲೆಫಿ’. ಅದು ‘ಲೆ’ ಮತ್ತು ‘ಬಾಯಿ’ ಎಂಬ ಎರಡು ಪದ ಸೇರಿದ್ದು. ಪ್ರತಿಯೊಬ್ಬನೂ ತನ್ನ ಊಟದ ಬಾಯಿಗೆ ತಕ್ಕಂತೆ ಕೂಡಿಸಲಿ ಎಂದು ಅದರ ಅರ್ಥ.

ಹಾಗಾದರೆ ದುಡಿಮೆಗೆ ಬೆಲೆಯಿಲ್ಲವೇ? ಇದೆ. ಎಲ್ಲರೂ ಬೆಳಗ್ಗೆ ಎದ್ದು ಬಗ್ಗಿ ಕೂಡಿಸಿದರು. ಬಿಸಿಲೇರಿದರೆ ಅದು ಕರಗಿಹೋಗುತ್ತಿತ್ತು. ಕೆಲವರು ಹೆಚ್ಚು ಕೂಡಿಸಿದರು, ಕೆಲವರು ಕಡಿಮೆ. ಓಮೆರಿನಿಂದ ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರೆಯಾಗಲಿಲ್ಲ. ಮರುದಿನಕ್ಕೆಂದು ಬಚ್ಚಿಟ್ಟವರದು ಹುಳ ಬಿದ್ದು ನಾರಿತು. ಆದರೆ ಆರನೆಯ ದಿನ ಒಬ್ಬನಿಗೆ ಎರಡು ಓಮೆರ್ ಸಿಕ್ಕಿತು, ಅದು ಕೆಡಲಿಲ್ಲ. ವಾರದ ರಜೆಯ ದಿನಕ್ಕೂ ಊಟ ಇರಬೇಕೆಂಬುದು ಆ ಲೆಕ್ಕದಲ್ಲೇ ಸೇರಿತ್ತು. ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಎತ್ತುವಾಗ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಈ ಮನ್ನದ ಮಾತನ್ನೇ ನೆನಪಿಸಿದನು.

ಅಳತೆ ಕೆಟ್ಟರೆ ಹಂಚಿಕೆಯೂ ಕೆಡುತ್ತದೆ. ಆದುದರಿಂದಲೇ ಮನೆಯಲ್ಲಿ ‘ಏಫಾ ಮತ್ತು ಏಫಾ’, ದೊಡ್ಡದೊಂದು ಚಿಕ್ಕದೊಂದು, ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡ 25ರಲ್ಲಿದೆ. ಕೊಳ್ಳುವಾಗ ದೊಡ್ಡ ಕೊಳಗ, ಕೊಡುವಾಗ ಚಿಕ್ಕ ಕೊಳಗ! ಈಗಲೂ ಇಬ್ರಿಯ ಮಾತನಾಡುವವರು ಪಕ್ಷಪಾತಕ್ಕೆ ‘ಏಫಾ ಮತ್ತು ಏಫಾ’ ಎನ್ನುತ್ತಾರೆ. ಆಮೋಸನು ಏಫಾವನ್ನು ಕಿರಿದು ಮಾಡಿ ತೂಕದ ಕಲ್ಲನ್ನು ಹಿರಿದು ಮಾಡುವ ವ್ಯಾಪಾರಿಗಳನ್ನು ಖಂಡಿಸಿದನು.

ಆದುದರಿಂದ ನಾವು ಮಾಡಬೇಕಾದ ಕೆಲವು ಕೆಲಸಗಳುಂಟು. ಕಾಫಿ ಹಣ್ಣಾಗಲಿ, ಸೊಪ್ಪಾಗಲಿ, ಕೋಸಿನ ಮೂಟೆಯಾಗಲಿ, ತೂಕ ಹಾಕುವಾಗ ಮುಳ್ಳನ್ನೋ ಅಂಕಿಯನ್ನೋ ನಾವೇ ನೋಡಬೇಕು. ಬುಟ್ಟಿಗೆಂದು, ನೀರಿಗೆಂದು ಎಷ್ಟು ಮುರಿದರೆಂದು ಕೇಳಿ ಪುಸ್ತಕದಲ್ಲಿ ಬರೆದಿಡಬೇಕು. ಓದು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಸರಕಾರದ ಮುದ್ರೆ ಇರಬೇಕೆಂಬುದು 2009ರ ತೂಕ ಅಳತೆ ಕಾನೂನು. ತಮಿಳುನಾಡಿನಲ್ಲಿ ಅದರ ತಪಾಸಣೆ ಕಾರ್ಮಿಕ ಇಲಾಖೆಯದೇ. ಮುದ್ರೆ ಎಲ್ಲಿ ಎಂದು ಕೇಳುವುದು ಜಗಳವಲ್ಲ, ಹಕ್ಕು.

ನಮ್ಮ ಮನೆಯೊಳಗಿನ ಏಫಾಗಳನ್ನೂ ನೋಡಿಕೊಳ್ಳೋಣ. ‘ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು’ ಎಂದು ನಾವೇ ನಮ್ಮ ಹೊಲದ ಕೆಲಸಕ್ಕೆ ಕರೆಯುವಾಗ ಹೇಳುವುದಿಲ್ಲವೇ? ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂದಿತು. ಒಂದೇ ಸಾಲಿನಲ್ಲಿ ಬಗ್ಗಿದ ಎರಡು ಬೆನ್ನಿಗೆ ಎರಡು ಕೂಲಿ ಕೊಡುವುದು ಎರಡು ಏಫಾ ಇಟ್ಟುಕೊಂಡಂತೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ತಾಯಿಗೆ ಎಂಬುದೂ ಓಮೆರಿನ ಲೆಕ್ಕವಲ್ಲ. ಅವಳದೂ ಒಂದು ತಲೆ.

ಕೂಟದ ಪೆಟ್ಟಿಗೆಯಿಂದ ಸಹಾಯ ಕೊಡುವಾಗ ಯಾರು ಎಷ್ಟು ಕಾಣಿಕೆ ಹಾಕಿದರೆಂದು ಮೊದಲು ಕೇಳಬಾರದು. ಆ ಮನೆಯಲ್ಲಿ ಎಷ್ಟು ಬಾಯಿ ಎಂದು ಕೇಳೋಣ. ಕಡಿಮೆ ಕೂಡಿಸಿದವರು ಸೋಮಾರಿಗಳೆಂದು ಆ ಅಧ್ಯಾಯದಲ್ಲಿ ಎಲ್ಲಿಯೂ ಬರೆದಿಲ್ಲ. ಬಾಣಂತಿಯೂ ಮುದುಕನೂ ಜ್ವರದಿಂದ ಎದ್ದವನೂ ಅವರಲ್ಲಿ ಇದ್ದಿರಬಹುದು. ನಮ್ಮಲ್ಲಿಯೂ ಇದ್ದಾರೆ.

ಒಂದು ಓಮೆರ್ ಮನ್ನವನ್ನು ಪಾತ್ರೆಯಲ್ಲಿ ತುಂಬಿ ಮುಂದಿನ ತಲೆಮಾರುಗಳು ನೋಡುವಂತೆ ಇಡಬೇಕೆಂದು ಅಪ್ಪಣೆಯಾಯಿತು. ಇಡಿಸಿದ್ದು ಹೋಮೆರ್ ಅಲ್ಲ, ಏಫಾವೂ ಅಲ್ಲ. ಒಬ್ಬರ ಒಂದು ದಿನದ ಪಾಲು. ಅದು ಪ್ರತಿ ತಲೆಗೂ ಸಿಗುವಂತೆ ನೋಡಿಕೊಳ್ಳುವ ಕೆಲಸದಲ್ಲಿ ಕರ್ತನು ನಮಗೆ ಬಲ ಕೊಡಲಿ.