ಬೊಗಸೆ ನೀರಿಗೆ ಹತ್ತು ವರ್ಷ
(ಸ್ಕಂದಗಿರಿ ತಪ್ಪಲಿನ ಮಹಿಳಾ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಅಂಬೇಡ್ಕರರನ್ನು ಸಂವಿಧಾನ ಬರೆದವರೆಂದು ಎಲ್ಲರೂ ಬಲ್ಲಿರಿ. ನಾನಿವತ್ತು ವಕೀಲ ಅಂಬೇಡ್ಕರರ ಬಗ್ಗೆ ಹೇಳಬೇಕೆಂದಿದ್ದೇನೆ.

1922ರಲ್ಲಿ ಬ್ಯಾರಿಸ್ಟರ್ ಆದ ಅವರು ಮುಂಬಯಿಯಲ್ಲಿ ವಕೀಲಿ ಹಿಡಿದರು. 1927ರ ಮಾರ್ಚ್ 20ರಂದು ದಲಿತರ ಜೊತೆ ಮಹಾಡ್ ಊರಿನ ಚವದಾರ್ ಕೆರೆಗಿಳಿದು ನೀರು ಕುಡಿದರು. ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದಿತ್ತು, ಕಾಗದದಲ್ಲಿ ಮಾತ್ರ. ಮೇಲ್ಜಾತಿಯವರು ಕೆರೆಯನ್ನು 'ಶುದ್ಧಿ' ಮಾಡಿಸಿದರು. (ದನ ಎಮ್ಮೆ ಕುಡಿದಾಗ ಯಾವ ಶುದ್ಧಿಯೂ ಬೇಕಿರಲಿಲ್ಲ, ನೋಡಿ!) ಅಷ್ಟಕ್ಕೇ ಬಿಡದೆ ಅದೇ ವರ್ಷ ಕೋರ್ಟಿಗೂ ಹೋದರು. ಅಂಬೇಡ್ಕರರೇ ಪ್ರತಿವಾದಿ. ದಲಿತರು ಈ ನೀರು ಮುಟ್ಟಬಾರದೆಂಬುದು ಅನಾದಿಯಿಂದ ಬಂದ ರೂಢಿ ಎಂದು ಅವರ ವಾದ. ಅನಾದಿಯೆಂದರೆ ಸಾಬೀತು ಮಾಡಬೇಕಲ್ಲ? ಅವರಿಂದ ಆಗಲಿಲ್ಲ. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ದಲಿತರ ಪರವಾಗಿ ತೀರ್ಪು ಕೊಟ್ಟಿತು.

ಅಲ್ಲಿ ಸಾಬೀತು ಮಾಡಲಾಗದೆ ಮೇಲ್ಜಾತಿಯವರು ಸೋತರು. ನಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಸಾಬೀತಾಗದೆ ಸೋತವರು ದಲಿತರು. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 1989ರ ದೌರ್ಜನ್ಯ ತಡೆ ಕಾಯ್ದೆಯಿತ್ತು, ಸರ್ಕಾರಿ ವಕೀಲರೂ ಇದ್ದರು. ಆದರೆ ವಿಚಾರಣೆಯ ಹೊತ್ತಿಗೆ ಸಾಕ್ಷಿಗಳು ಮಾತು ತಿರುಗಿಸಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ ಎಂದಾಯಿತು!

ಆ ಸಾಕ್ಷಿಗಳನ್ನು ನಾನು ಬಯ್ಯಲಾರೆ. ಹಳ್ಳಿಯಲ್ಲಿ ಸಾಕ್ಷಿ ಹೇಳಿದವರು ಮಾರನೆಯ ದಿನ ಅದೇ ಬೀದಿಯಲ್ಲಿ ನಡೆಯಬೇಕು, ಅದೇ ಜನರ ಹೊಲದಲ್ಲಿ ಕೂಲಿ ಕೇಳಬೇಕು. ವರದಕ್ಷಿಣೆಗಾಗಿ ಸೊಸೆಯನ್ನು ಸುಟ್ಟ ಮನೆಯ ಪಕ್ಕದಾಕೆಯೂ 'ನನಗೇನೂ ಕೇಳಿಸಲಿಲ್ಲ' ಎನ್ನುವುದು ಇಂಥದೇ ಹೆದರಿಕೆಯಿಂದ. ಅಂಬೇಡ್ಕರರಂಥ ವಕೀಲರೇ ಬಂದರೂ, ಕಂಡದ್ದನ್ನು ಹೇಳುವವರಿಲ್ಲದೆ ಏನು ಮಾಡಿಯಾರು?

ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇಂಥ ಪ್ರಕರಣಗಳಲ್ಲಿ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೇಳುವ ಹಕ್ಕಿದೆ. ಕೋರ್ಟಿಗೆ ಓಡಾಡುವ ಖರ್ಚು ಸಿಗಬೇಕು, ಅಗತ್ಯವಿದ್ದರೆ ಬೇರೆ ಕಡೆ ನೆಲೆಯನ್ನೂ ಕೊಡಬೇಕು. ತಮಗೆ ನಂಬಿಕೆಯಿರುವ ಹಿರಿಯ ವಕೀಲರನ್ನು ನೇಮಿಸಿ ಎಂದು ನೊಂದವರು ಜಿಲ್ಲಾಧಿಕಾರಿಗಳನ್ನು ಕೇಳಲು 1995ರ ನಿಯಮಗಳಲ್ಲೇ ಅವಕಾಶವಿದೆ. ಕೇಳಬಹುದೆಂದು ಗೊತ್ತಿರುವವರೇ ಕಡಿಮೆ.

ನಿಮ್ಮೂರಿನಲ್ಲಿ ಯಾರಿಗಾದರೂ ಅಂಥ ಅರ್ಜಿ ಬರೆಯಬೇಕಾಗಿ ಬಂದರೆ ನನಗೆ ಹೇಳಿಕಳಿಸಿ. ನಿವೃತ್ತಳು, ಹೊತ್ತಿದೆ. ಸಾಕ್ಷಿ ಹೇಳಲು ಹೋಗುವ ದಿನ ಮಾತ್ರ ನೀವು ಹತ್ತು ಮಂದಿ ಜೊತೆಗೆ ಬಸ್ಸು ಹತ್ತಬೇಕು.