ಸಿಡಿಲು ಹಿಂಡಿದ ಕೊಳವೆ



ಆಸ್ಟ್ರೇಲಿಯಾದ ಸಿಡ್ನಿಯಿಂದ ಪಶ್ಚಿಮಕ್ಕೆ ಹೊರಟು ಬ್ಲೂ ಮೌಂಟನ್ಸ್ ಬೆಟ್ಟಸಾಲು ದಾಟಿದರೆ ಹಾರ್ಟ್ಲಿ ವೇಲ್ ಅನ್ನುವ ಕಣಿವೆ ಸಿಗುತ್ತದೆ. ಹಿಂದೆ ಅಲ್ಲೊಂದು ಸೀಮೆಎಣ್ಣೆ ಶುದ್ಧಿ ಮಾಡುವ ಕಾರ್ಖಾನೆ ಇತ್ತು. ಸಿಡಿಲಿನಿಂದ ಅಪಾಯವಾಗದಿರಲಿ ಎಂದು ಅಲ್ಲೊಂದು ತಾಮ್ರದ ಕೊಳವೆ ನಿಲ್ಲಿಸಿದ್ದರು. ಸಿಡಿಲು ಬಡಿಯಿತು. ಕೊಳವೆ ತನ್ನ ಕೆಲಸ ಮಾಡಿತು, ಸಿಡಿಲನ್ನು ನೆಲಕ್ಕಿಳಿಸಿತು. ಆದರೆ ಆಮೇಲೆ ನೋಡಿದರೆ, ಕೊಳವೆ ಕೊಳವೆಯಾಗಿ ಉಳಿದಿರಲಿಲ್ಲ. ಗಾಣಕ್ಕೆ ಕೊಟ್ಟು ತೆಗೆದ ಕಬ್ಬಿನ ಜಲ್ಲೆಯಂತೆ ಒಳಕ್ಕೆ ಹಿಂಡಿಹೋಗಿತ್ತು.

ಇದು ಸಿಡ್ನಿ ವಿಶ್ವವಿದ್ಯಾಲಯದ ಇಬ್ಬರ ಕೈಗೆ ಬಂತು. ಒಬ್ಬರು ಭೌತವಿಜ್ಞಾನಿ ಪೊಲಾಕ್, ಇನ್ನೊಬ್ಬರು ಎಂಜಿನಿಯರ್ ಬ್ಯಾರಕ್ಲಫ್. ಹೊರಗಿನಿಂದ ಯಾರೂ ಸುತ್ತಿಗೆ ಹಾಕಿಲ್ಲ, ಮೇಲೆ ಏನೂ ಬಿದ್ದಿಲ್ಲ. ಹಾಗಾದರೆ ಇದನ್ನು ಹಿಂಡಿದ್ದು ಯಾರು? 1905ರಲ್ಲಿ ಅವರು ಕೊಟ್ಟ ಉತ್ತರ ಇದು: ಕೊಳವೆಯಲ್ಲಿ ಹರಿದ ವಿದ್ಯುತ್ತೇ ಕೊಳವೆಯನ್ನು ಹಿಂಡಿದೆ. ಒಂದೇ ದಿಕ್ಕಿಗೆ ಹರಿಯುವ ಎರಡು ವಿದ್ಯುತ್ ಪ್ರವಾಹಗಳು ಒಂದನ್ನೊಂದು ಸೆಳೆಯುತ್ತವೆ, ಎದುರುಬದುರು ಹರಿದರೆ ತಳ್ಳುತ್ತವೆ. ಫ್ರಾನ್ಸಿನ ಆಂಪೇರ್ 1820ರಲ್ಲೇ ಇದನ್ನು ತೋರಿಸಿದ್ದರು. ಮನೆಯ ವಯರಿನಲ್ಲಿ ಈ ಸೆಳೆತ ನಮ್ಮ ಗಮನಕ್ಕೇ ಬಾರದಷ್ಟು ಸಣ್ಣದು. ಸಿಡಿಲಿನಲ್ಲಿ ಹರಿಯುವುದು ಹತ್ತಾರು ಸಾವಿರ ಆಂಪಿಯರ್. ಕೊಳವೆಯ ಸುತ್ತಲೂ ಕೆಳಮುಖವಾಗಿ ಓಡಿದ ಆ ಪ್ರವಾಹದ ಎಳೆಗಳೆಲ್ಲ ಒಂದನ್ನೊಂದು ಎಳೆದುಕೊಂಡವು. ನಡುವೆ ಇದ್ದ ತಾಮ್ರಕ್ಕೆ ಒಳಕ್ಕೆ ಕುಸಿಯುವುದೊಂದೇ ದಾರಿ ಉಳಿಯಿತು.

ಈ ಸಂಜೆ ನಾನು ಹೇಳಹೊರಟಿರುವ ಕಥೆಗೆ ಆ ಹಿಂಡಿದ ಕೊಳವೆಯೇ ಮೊದಲ ಸಾಕ್ಷಿ. ಬೆಂಕಿಯಿಲ್ಲದೆ, ಅಂಟಿಲ್ಲದೆ, ಕಾಂತಬಲದ ಒಂದೇ ಒಂದು ಹೊಡೆತದಿಂದ ಲೋಹಕ್ಕೆ ಲೋಹ ಸೇರಿಸುವ ವಿದ್ಯೆಯ ಕಥೆ ಇದು. ಬೆಸುಗೆ ಕೆಲಸ ಕಲಿಸಿಕೊಂಡೇ ವಯಸ್ಸು ಕಳೆದವನು ನಾನು. ಬೆಸುಗೆ ಎಂದರೆ ಬೆಂಕಿ ಎಂದೇ ಬಹಳ ಕಾಲ ನಂಬಿದ್ದೆ. ಆ ನಂಬಿಕೆಯನ್ನು ಬದಲಿಸಿದ ವಿದ್ಯೆ ಆದ್ದರಿಂದ ಇದರ ಮೇಲೆ ನನಗೆ ವಿಶೇಷ ಪ್ರೀತಿ.

ಪೊಲಾಕ್ ಮತ್ತು ಬ್ಯಾರಕ್ಲಫ್ ಬರೆದ ಎರಡು ವರ್ಷಕ್ಕೆ, 1907ರಲ್ಲಿ, ಅಮೆರಿಕದ ನಾರ್ತ್ರಪ್ ಎಂಬುವರು ದ್ರವರೂಪದ ಲೋಹದಲ್ಲಿ ಇದೇ ಬಲವನ್ನು ಕಂಡರು. ಪ್ರವಾಹ ಹೆಚ್ಚಿದಂತೆ ದ್ರವ ನಡುವಿನಲ್ಲಿ ಸಣ್ಣಗಾಗುತ್ತಿತ್ತು, ಕೊನೆಗೆ ಕತ್ತರಿಸಿಹೋಗುತ್ತಿತ್ತು. ಯಾರೋ ಚಿವುಟಿದ ಹಾಗೆ. ಇಂಗ್ಲಿಷಿನಲ್ಲಿ ಇದಕ್ಕೆ ಇಟ್ಟ ಹೆಸರೂ ಅದೇ, ಪಿಂಚ್. ವಿದ್ಯುತ್ತಿನಿಂದ ಲೋಹ ಕರಗಿಸುತ್ತಿದ್ದ ಅಂದಿನವರಿಗೆ ಇದು ಕುಲುಮೆ ಕೆಡಿಸುವ ಉಪದ್ರವವಾಗಿತ್ತೇ ಹೊರತು ಉಪಯೋಗದ ವಸ್ತುವಾಗಿರಲಿಲ್ಲ.

ಉಪದ್ರವ ಅನುಭವಿಸಿದ ಇನ್ನೊಬ್ಬರು ರಷ್ಯದ ಪ್ಯೋತರ್ ಕಪಿತ್ಸ. 1920ರ ದಶಕದಲ್ಲಿ ಅವರು ಕೇಂಬ್ರಿಜ್‌ನಲ್ಲಿ ರುದರ್‌ಫರ್ಡ್ ಅವರ ಪ್ರಯೋಗಾಲಯದಲ್ಲಿದ್ದರು. ಅವರಿಗೆ ಬೇಕಾಗಿದ್ದದ್ದು ಅದುವರೆಗೆ ಯಾರೂ ಮಾಡದಷ್ಟು ಬಲವಾದ ಕಾಂತಕ್ಷೇತ್ರ. ಅಷ್ಟು ವಿದ್ಯುತ್ತನ್ನು ಸುಮ್ಮನೆ ಹರಿಯಬಿಟ್ಟರೆ ಸುರುಳಿ ಕರಗಿಹೋಗುತ್ತದೆ. ಕರಗಲು ಹೊತ್ತೇ ಕೊಡದಿದ್ದರೆ? ಸೆಕೆಂಡಿನ ನೂರರಲ್ಲೊಂದು ಪಾಲು ಮಾತ್ರ ಹರಿಸಿ ನಿಲ್ಲಿಸಿಬಿಟ್ಟರೆ? ಇದು ಅವರ ಯೋಚನೆ. ದೊಡ್ಡ ಜನರೇಟರ್ ತರಿಸಿ, ಅದನ್ನು ಒಮ್ಮೆಗೇ ಶಾರ್ಟ್ ಮಾಡಿ, ಪುಟ್ಟ ಸುರುಳಿಯೊಳಗೆ 32 ಟೆಸ್ಲಾದಷ್ಟು ಕ್ಷೇತ್ರ ಹುಟ್ಟಿಸಿದರು. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿರುವುದು ಸಾಮಾನ್ಯವಾಗಿ ಒಂದೂವರೆ ಟೆಸ್ಲಾ ಎಂದರೆ ಅದರ ಗಾತ್ರ ನಿಮಗೆ ಅಂದಾಜಾದೀತು. ಶಾರ್ಟ್ ಆದ ಜನರೇಟರು ನೆಲವನ್ನೇ ಸಣ್ಣ ಭೂಕಂಪದಂತೆ ಅದುರಿಸುತ್ತಿತ್ತು. ಅದಕ್ಕಾಗಿ ಸುರುಳಿಯನ್ನು 20 ಮೀಟರ್ ದೂರದಲ್ಲಿ ಇಟ್ಟರು. ನೆಲದ ಅದುರು ಅಷ್ಟು ದೂರ ಬಂದು ಮುಟ್ಟುವ ಮೊದಲೇ ಪ್ರಯೋಗ ಮುಗಿದಿರುತ್ತಿತ್ತು! ಆ ಲೆಕ್ಕಾಚಾರದ ಜಾಣ್ಮೆಯನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. ಆದರೆ ಒಂದು ಶತ್ರು ಮಾತ್ರ ಅವರನ್ನು ಬಿಡಲಿಲ್ಲ. ಸುರುಳಿಯ ತಾಮ್ರದ ಮೇಲೆ ಕ್ಷೇತ್ರವೇ ಒತ್ತುತ್ತಿತ್ತು, ಸುರುಳಿ ಹೊರಕ್ಕೆ ಬಿರಿಯುತ್ತಿತ್ತು. ಬಿಗಿದು ಕಟ್ಟಿ, ಉಕ್ಕಿನ ಪಟ್ಟಿ ಹಾಕಿ ಅದನ್ನು ತಡೆಯಬೇಕಾಯಿತು.

ಒಡೆಯುವ ಈ ಬಲವನ್ನೇ ಕೆಲಸಕ್ಕೆ ಹಚ್ಚಬಹುದಲ್ಲ ಎಂದು ಹೊಳೆದದ್ದು ಅಣು ಸಮ್ಮಿಳನದ ಬೆನ್ನು ಹತ್ತಿದವರಿಗೆ. 1950ರ ದಶಕದಲ್ಲಿ ಸೂರ್ಯನ ಶಕ್ತಿಯನ್ನು ಭೂಮಿಯ ಮೇಲೆ ಹುಟ್ಟಿಸುವ ಆಸೆ ಎಲ್ಲ ದೊಡ್ಡ ದೇಶಗಳಿಗೂ ಇತ್ತು. ಕಾದ ಅನಿಲವನ್ನು ಕಾಂತಬಲದಿಂದ ಹಿಂಡಿ ಹಿಡಿಯುವುದು ಉಪಾಯ. ಅದಕ್ಕೆ ಕೆಪಾಸಿಟರುಗಳ ಸಾಲು ಬೇಕು, ಕ್ಷಣಾರ್ಧದಲ್ಲಿ ಚಾಲೂ ಆಗುವ ಸ್ವಿಚ್ಚು ಬೇಕು, ಗಟ್ಟಿ ಸುರುಳಿ ಬೇಕು. ಅಮೆರಿಕದ ಸ್ಯಾನ್ ಡಿಯಾಗೊದ ಜನರಲ್ ಅಟಾಮಿಕ್ ಸಂಸ್ಥೆಯಲ್ಲಿ ಇವೆಲ್ಲ ಇದ್ದವು. ಅಲ್ಲಿನ ಹಾರ್ವೆ ಮತ್ತು ಬ್ರೋವರ್ ಎಂಬ ಇಬ್ಬರು ಅನಿಲದ ಜಾಗದಲ್ಲಿ ಲೋಹದ ಕೊಳವೆ ಇಟ್ಟರು. 1958ರಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯ ಎರಡನೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಮೆರಿಕ, ಬ್ರಿಟನ್, ರಷ್ಯ ತಮ್ಮ ಸಮ್ಮಿಳನ ಸಂಶೋಧನೆಯ ಗುಟ್ಟುಗಳನ್ನು ಬಿಚ್ಚಿಟ್ಟ ಸಭೆ ಅದು. ಕಾಂತಬಲದಿಂದ ಲೋಹ ರೂಪಿಸುವ ಯಂತ್ರವನ್ನೂ ಲೋಕಕ್ಕೆ ತೋರಿಸಿದ್ದು ಅಲ್ಲೇ. ಹಾರ್ವೆ, ಬ್ರೋವರ್ ಅವರಿಗೆ 1961ರಲ್ಲಿ ಪೇಟೆಂಟ್ ಸಿಕ್ಕಿತು. ಸಮ್ಮಿಳನದ ವಿದ್ಯುತ್ತು ಇವತ್ತಿಗೂ ಯಾರ ಮನೆಗೂ ಬಂದಿಲ್ಲ. ಅದರ ಅಂಗಳದಲ್ಲಿ ಬಿದ್ದ ಈ ಬೀಜ ಮಾತ್ರ ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳಲ್ಲಿ ಮೊಳೆಯಿತು.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ತಾಮ್ರದ ದಪ್ಪ ಸುರುಳಿ. ಅದರೊಳಗೆ, ತಾಕದ ಹಾಗೆ, ಅಲ್ಯೂಮಿನಿಯಂ ಕೊಳವೆ. ಕೊಳವೆಯೊಳಗೆ, ಒಂದೆರಡು ಮಿಲಿಮೀಟರ್ ಸಂದು ಬಿಟ್ಟು, ಸೇರಬೇಕಾದ ಇನ್ನೊಂದು ಭಾಗ. ಕೆಪಾಸಿಟರುಗಳಿಗೆ ಸಾವಿರಾರು ವೋಲ್ಟಿನಲ್ಲಿ ವಿದ್ಯುತ್ ತುಂಬಿ ಒಮ್ಮೆಗೇ ಸುರುಳಿಗೆ ಸುರಿಯುತ್ತಾರೆ. ಸುರುಳಿಯಲ್ಲಿ ಲಕ್ಷಾಂತರ ಆಂಪಿಯರ್ ಪ್ರವಾಹ ಏಳುತ್ತದೆ, ಅದರ ಜೊತೆಗೆ ಕಾಂತಕ್ಷೇತ್ರವೂ ಏಳುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಂತೆ ಅಲ್ಯೂಮಿನಿಯಂ ಕೊಳವೆಯಲ್ಲೂ ತಾನೇ ತಾನಾಗಿ ಒಂದು ಪ್ರವಾಹ ಹುಟ್ಟುತ್ತದೆ. ಅದು ಸುರುಳಿಯ ಪ್ರವಾಹಕ್ಕೆ ಎದುರು ದಿಕ್ಕಿಗೆ ಓಡುತ್ತದೆ. ಎದುರುಬದುರು ಓಡಿದರೆ ತಳ್ಳಾಟ ಎಂದು ಆಗಲೇ ಹೇಳಿದೆನಲ್ಲ. ಸುರುಳಿ ಕಚ್ಚಿಕೊಂಡು ನಿಲ್ಲುತ್ತದೆ, ಕೊಳವೆ ಒಳಕ್ಕೆ ಹಾರುತ್ತದೆ. 40 ಟೆಸ್ಲಾ ಕ್ಷೇತ್ರ ಕೊಡುವ ಒತ್ತಡ ನಮ್ಮ ಮೇಲಿರುವ ಗಾಳಿಯ ಒತ್ತಡದ 6,000 ಪಟ್ಟಿಗೂ ಹೆಚ್ಚು.

ಇದಕ್ಕೆ ವಿದ್ಯುತ್ ಎಷ್ಟು ಬೇಕು? ಒಂದು ಹೊಡೆತಕ್ಕೆ 20 ಕಿಲೋಜೂಲ್ ಎಂದುಕೊಳ್ಳಿ. ಹಳೆಯ 60 ವ್ಯಾಟ್ ಬಲ್ಬನ್ನು ಐದೂವರೆ ನಿಮಿಷ ಉರಿಸಿದರೆ ಖರ್ಚಾಗುವಷ್ಟು, ಅಷ್ಟೇ. ಆದರೆ ಅದನ್ನು ಸೆಕೆಂಡಿನ ಹತ್ತು ಲಕ್ಷದ 20 ಪಾಲಿನಲ್ಲಿ ಸುರಿದುಬಿಟ್ಟರೆ, ಆ ಕ್ಷಣದ ಮಟ್ಟಿಗೆ ಅದರ ಸಾಮರ್ಥ್ಯ 1,000 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳೂ ಪೂರ್ತಿ ತಿರುಗಿದರೆ ಬರುವುದು 1,035 ಮೆಗಾವ್ಯಾಟ್. ಶರಾವತಿಯ ನೀರಿನ ಬಲವೆಲ್ಲ ಒಂದು ಕೈಯಗಲದ ಸುರುಳಿಯೊಳಗೆ ಒಮ್ಮೆ ಮಿಂಚಿ ಮಾಯವಾದ ಹಾಗೆ.

ಮೊದಮೊದಲು ಇದರ ಬಳಕೆ ಬಿಗಿಯುವುದಕ್ಕೆ. ನಮ್ಮೂರಿನಲ್ಲಿ ಗಾಡಿಯ ಗಾಲಿಗೆ ಹಳಿ ಏರಿಸುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕಬ್ಬಿಣದ ಬಳೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಗಾಲಿಯ ಮೇಲೆ ಕೂರಿಸಿ, ನೀರು ಹೊಯ್ಯುತ್ತಿದ್ದರು. ಹಳಿ ಕುಗ್ಗಿ, ಕೀಲುಗಳೆಲ್ಲ ಕಿರುಗುಟ್ಟಿ ಕೂತುಬಿಡುತ್ತಿದ್ದವು. ಕಾಂತದ ಯಂತ್ರವೂ ಹಾಗೇ ಹೊರಗಿನ ಕೊಳವೆಯನ್ನು ಒಳಗಿನ ತುಂಡಿನ ಮೇಲೆ ಕುಗ್ಗಿಸಿ ಕೂರಿಸಿತು, ಕಾಯಿಸದೆ. ವಿಮಾನಗಳಲ್ಲಿ ಚಾಲಕನ ಅಪ್ಪಣೆಯನ್ನು ರೆಕ್ಕೆಗೆ ಮುಟ್ಟಿಸುವ ಕೊಳವೆಗಳ ತುದಿಗಳನ್ನು ಹೀಗೆ ಬಿಗಿದರು. ಚಂದ್ರನಿಗೆ ಮನುಷ್ಯರನ್ನು ಒಯ್ದ ಸ್ಯಾಟರ್ನ್-5 ರಾಕೆಟ್ಟಿಗೂ ಈ ಬಲ ಒದಗಿತು. ಅದರ ಮೊದಲ ಹಂತದ ಟ್ಯಾಂಕುಗಳ ಅಡ್ಡಳತೆ 10 ಮೀಟರ್. ಅವುಗಳ ಗುಮ್ಮಟದಂಥ ಮುಚ್ಚಳಗಳು ಬೆಸುಗೆಯ ಕಾವಿಗೆ ಅಲ್ಲಲ್ಲಿ ಸೊಟ್ಟಗಾಗುತ್ತಿದ್ದವು. ಸುತ್ತಿಗೆಯಲ್ಲಿ ತಟ್ಟಿದರೆ ಗಾಯವಾಗುತ್ತದೆ. ಆಗ ನಾಸಾದವರು ಚಪ್ಪಟೆ ಸುರುಳಿಯ ಕಾಂತದ ಸುತ್ತಿಗೆ ಮಾಡಿ, ಒಂದು ಗೀರೂ ಬೀಳದಂತೆ ಆ ಸೊಟ್ಟ ತಿದ್ದಿದರು.

ಆದರೆ ಬಿಗಿಯುವುದು ಬೇರೆ, ಬೆಸೆಯುವುದು ಬೇರೆ. ಹಳಿ ಗಾಲಿಯನ್ನು ಹಿಡಿದುಕೊಂಡಿರುತ್ತದೆ ಅಷ್ಟೇ, ಅದರೊಡನೆ ಒಂದಾಗಿರುವುದಿಲ್ಲ. ಒಂದಾಗುವುದಕ್ಕೆ ಏನು ಬೇಕು?

ಈ ಪ್ರಶ್ನೆಗೆ ಉತ್ತರ ನಮ್ಮ ಬೀದಿಯಲ್ಲೇ ಇತ್ತು. ಕಲಾಯಿ ಹಾಕುವವರನ್ನು ನೆನೆಸಿಕೊಳ್ಳಿ. ತಿದಿ ಒತ್ತಿ ತಾಮ್ರದ ಹಂಡೆ ಕಾಯಿಸಿ, ಒಳಗೆ ನವಸಾಗರದ ಪುಡಿ ಎರಚಿ, ಬಟ್ಟೆಯಲ್ಲಿ ತಿಕ್ಕಿದರೆ ಬಿಳಿ ಹೊಗೆ ಭಗ್ಗನೆ ಏಳುತ್ತಿತ್ತು. ಆ ಹೊಗೆಯ ಹಿಂದೆಯೇ ತವರ ಇಟ್ಟು ಒಂದು ಸುತ್ತು ಒರೆಸಿದರೆ ಹಂಡೆ ಬೆಳ್ಳಿಯಾಗುತ್ತಿತ್ತು. ನವಸಾಗರ ಹಾಕದೆ ಎಷ್ಟು ಕಾಯಿಸಿದರೂ ತವರ ಗುಂಡುಗುಂಡಾಗಿ ಉರುಳುತ್ತದೆ, ಹಿಡಿಯುವುದಿಲ್ಲ. ಅಕ್ಕಸಾಲಿಗರ ಬಿಳಿಗಾರವೂ ಇದೇ ಕೆಲಸಕ್ಕೆ. ಲೋಹದ ಮೈಮೇಲೆ ಗಾಳಿಯಿಂದ ಕಟ್ಟಿಕೊಂಡ ಪೊರೆಯನ್ನು ಅವು ತೆಗೆಯುತ್ತವೆ. ಅಲ್ಯೂಮಿನಿಯಂ ಪೊರೆಯಂತೂ ಕೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತ ತೆಳು, ಆದರೆ ಮಹಾ ಹಟಮಾರಿ. ಲೋಹ 660 ಡಿಗ್ರಿಗೆ ಕರಗಿದರೆ ಪೊರೆ 2,000 ಡಿಗ್ರಿ ದಾಟಿದರೂ ಗಟ್ಟಿಯಾಗಿಯೇ ಇರುತ್ತದೆ. ಪೊರೆ ಹೋಗಿ, ಎರಡು ಲೋಹಗಳ ಬರಿಮೈ ಪರಮಾಣುವಿಗೆ ಪರಮಾಣು ತಾಗುವಷ್ಟು ಹತ್ತಿರ ಬಂದರೆ ಅವು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಅಷ್ಟು ಹತ್ತಿರ ತರಲು ನಾವು ಕಂಡುಕೊಂಡ ಹಳೆಯ ದಾರಿ ಬೆಂಕಿ. ಅದು ದಾರಿಗಳಲ್ಲಿ ಒಂದು ಮಾತ್ರ.

ಇನ್ನೊಂದು ದಾರಿಯನ್ನು ತೋರಿಸಿದ್ದು ಯುದ್ಧ. ಮೊದಲ ಮಹಾಯುದ್ಧದಲ್ಲಿ ಸಿಡಿದ ಶೆಲ್ಲಿನ ಚೂರುಗಳು ಉಕ್ಕಿನ ಕವಚಕ್ಕೆ ಬೆಸೆದುಕೊಂಡುಬಿಡುವುದನ್ನು ಕಂಡಿದ್ದರು. 1944ರಲ್ಲಿ ಕಾರ್ಲ್ ಎಂಬುವರು ಸಿಡಿತದಿಂದ ಎರಡು ಹಿತ್ತಾಳೆ ಬಿಲ್ಲೆಗಳು ಒಂದಾದದ್ದನ್ನು ಬರೆದಿಟ್ಟರು. 1960ರ ದಶಕದ ಹೊತ್ತಿಗೆ ಸಿಡಿಮದ್ದಿನ ಬೆಸುಗೆ ಉದ್ಯಮವೇ ಆಯಿತು. ಒಂದು ತಗಡು ಇನ್ನೊಂದಕ್ಕೆ ಓರೆಯಾಗಿ, ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಅಪ್ಪಳಿಸಿದಾಗ ತಾಗುವ ಗೆರೆಯ ಮುಂದೆ ಎರಡೂ ಮೈಗಳ ಪೊರೆ ಹೆರೆದು ಚಿಮ್ಮಿ ಹೊರಬೀಳುತ್ತದೆ. ಪುಸ್ತಕ ಮುಚ್ಚುವಾಗ ನಡುವಿನ ಗಾಳಿ ಹಾಳೆಗಳ ತುದಿಯಿಂದ ಹೊರಹೊರಡುವ ಹಾಗೆ. ಹಿಂದಿನಿಂದಲೇ ಬರಿಮೈಗಳು ಒತ್ತಿಕೊಳ್ಳುತ್ತವೆ. ನವಸಾಗರ ಮಾಡುವುದನ್ನು ಇಲ್ಲಿ ವೇಗ ಮಾಡುತ್ತದೆ.

ಆದರೆ ಸಿಡಿಮದ್ದನ್ನು ಕಾರ್ಖಾನೆಯೊಳಗೆ ಇಟ್ಟುಕೊಂಡು ದಿನವಿಡೀ ಕೆಲಸ ಮಾಡುವುದಾದರೂ ಹೇಗೆ? ಮಾಸ್ಕೋದ ಕುರ್ಚಾತೊವ್ ಸಂಸ್ಥೆಯವರು ಸಿಡಿಮದ್ದಿನ ಜಾಗಕ್ಕೆ ಕಾಂತಬಲ ತಂದರು. ಅವರಿಗೆ ಬೇಕಾಗಿದ್ದದ್ದು ಅಣು ಇಂಧನದ ಕೊಳವೆಗಳ ಬಾಯಿ ಮುಚ್ಚುವುದು. ತೆಳು ಗೋಡೆಯ ಕೊಳವೆ, ಒಂದು ಕೂದಲಷ್ಟೂ ಸೋರಬಾರದು, ಕಾವಿಗೆ ಲೋಹದ ಗುಣ ಕೆಡಬಾರದು. ಈ ಬಗೆಯ ಬೆಸುಗೆಗೆ ಲೀಸೆಂಕೊ, ಎರ್ಮೊಲಾಯೆವ್, ದೂದಿನ್ ಎಂಬ ಮೂವರು ಸೋವಿಯತ್ ತಂತ್ರಜ್ಞರ ಹೆಸರಿನಲ್ಲಿ 1970ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆಯಿತು. ಶೀತಲ ಸಮರದ ನಡುವೆ ಸ್ಯಾನ್ ಡಿಯಾಗೊದ ಯಂತ್ರ ಮತ್ತು ಮಾಸ್ಕೋದ ಬೆಸುಗೆ ಹೀಗೆ ಒಂದೇ ವಿದ್ಯೆಯ ಎರಡು ಅರ್ಧಗಳಾದವು.

ಮುಂದಿನ ಎರಡು ದಶಕ ಈ ಬೆಸುಗೆ ಬಹುಮಟ್ಟಿಗೆ ಪ್ರಯೋಗಾಲಯಗಳಲ್ಲೇ ಉಳಿಯಿತು. 1990ರ ದಶಕದಿಂದ ಇಸ್ರೇಲ್, ಜರ್ಮನಿ, ಫ್ರಾನ್ಸ್‌ಗಳಲ್ಲಿ ಇದರ ಯಂತ್ರ ಮಾಡಿ ಮಾರುವವರು ಹುಟ್ಟಿಕೊಂಡರು. ಕಾರಿನ ಭಾರ ಇಳಿಸಬೇಕು, ಉಕ್ಕಿಗೆ ಅಲ್ಯೂಮಿನಿಯಂ ಸೇರಿಸಬೇಕು ಎಂಬ ಒತ್ತಡ ಬಂದದ್ದೇ ಇದಕ್ಕೆ ಕಾರಣ. 2004ರಲ್ಲಿ ಜರ್ಮನಿಯ ಡಾರ್ಟ್ಮುಂಡ್‌ನಲ್ಲಿ ಅತಿವೇಗದ ಲೋಹ ರೂಪಣೆಗೆಂದೇ ಅಂತರರಾಷ್ಟ್ರೀಯ ಸಮ್ಮೇಳನ ಶುರುವಾಯಿತು. ನಮ್ಮಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಫಾಸ್ಟ್ ಬ್ರೀಡರ್ ರಿಯಾಕ್ಟರಿನ ಇಂಧನ ಕೊಳವೆಗಳ ಉಕ್ಕಿಗೆ ಉಕ್ಕಿನ ಬಿರಡೆಯನ್ನು ಕಾಂತಬಲದಿಂದ ಬೆಸೆದಿದ್ದಾರೆ. ಈ ಜಾತಿಯ ಉಕ್ಕಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುವುದಿಲ್ಲ. ಹಾಗಾಗಿ ಅಲ್ಯೂಮಿನಿಯಂಗೆ ಸಾಲುವ ಹೊಡೆತ ಇದಕ್ಕೆ ಸಾಲದು. ಇಂಥ ಕಡೆ ಮೇಲೊಂದು ತಾಮ್ರದ ಬಳೆ ತೊಡಿಸುತ್ತಾರೆ. ಕಾಂತ ತಾಮ್ರವನ್ನು ತಳ್ಳುತ್ತದೆ, ತಾಮ್ರ ಉಕ್ಕನ್ನು ತಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗಿರುವುದು ತಾಮ್ರ ಮತ್ತು ಅಲ್ಯೂಮಿನಿಯಂ ಜೋಡಿ. ಬ್ಯಾಟರಿ ಗಾಡಿಗಳಲ್ಲಿ, ವಿದ್ಯುತ್ ತಂತಿಗಳಲ್ಲಿ ಈ ಎರಡೂ ಮತ್ತೆ ಮತ್ತೆ ಸೇರಲೇಬೇಕು. ಬೆಂಕಿಯಲ್ಲಿ ಸೇರಿಸಲು ಹೋಗಿ ನನ್ನ ಹುಡುಗರು ಎಷ್ಟು ತುಂಡು ಹಾಳು ಮಾಡಿದರೋ ಲೆಕ್ಕವಿಲ್ಲ, ನಾನೂ ಮಾಡಿದ್ದೇನೆ. ತಾಮ್ರ ಕರಗುವುದು 1,085 ಡಿಗ್ರಿಗೆ, ಅಷ್ಟರಲ್ಲಿ ಅಲ್ಯೂಮಿನಿಯಂ ನೀರಾಗಿ ಸೋರಿರುತ್ತದೆ. ಎರಡೂ ಬೆರೆತರೂ ನಡುವೆ ಗಾಜಿನಂಥ ಪೆಡಸು ಪದರ ಹುಟ್ಟಿ, ತಣ್ಣಗಾದ ಮೇಲೆ ಬೆರಳಲ್ಲಿ ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತದೆ. ಕಾಂತದ ಹೊಡೆತದಲ್ಲಿ ಆ ಪದರ ಬೆಳೆಯಲು ಹೊತ್ತೇ ಸಿಗುವುದಿಲ್ಲ. ಹೀಗೆ ಬೆಸೆದ ತುಂಡನ್ನು ಅಡ್ಡ ಕೊಯ್ದು, ಉಜ್ಜಿ ಹೊಳಪು ಕೊಟ್ಟು ಸೂಕ್ಷ್ಮದರ್ಶಕದಡಿ ಇಟ್ಟರೆ, ಕೆಂಪು ಬಿಳುಪುಗಳ ಗಡಿ ನೇರ ಗೆರೆಯಾಗಿರದೆ ಅಲೆಅಲೆಯಾಗಿ ಕಾಣುವುದುಂಟು. ಕೆರೆಯ ದಡದ ಮರಳಿನ ಮೇಲೆ ನೀರು ಬಿಟ್ಟುಹೋದ ಸುಕ್ಕುಗಳ ಹಾಗೆ. ಚೆನ್ನಾಗಿ ಕೂತ ಬೆಸುಗೆಯನ್ನು ಇಕ್ಕಳದಲ್ಲಿ ಹಿಡಿದು ಸುಲಿಯಲು ಹೋದರೆ ಬೆಸುಗೆ ಬಿಡುವುದಿಲ್ಲ, ಪಕ್ಕದ ಅಲ್ಯೂಮಿನಿಯಂ ಹರಿಯುತ್ತದೆ.

ಹಾಗೆಂದು ಇದು ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ. ಭಾಗಗಳು ಒಂದರ ಮೇಲೊಂದು ಹಾಯ್ದಿರಬೇಕು, ತುದಿಗೆ ತುದಿ ಸೇರಿಸಲಾಗದು. ನಡುವಿನ ಸಂದು ಸ್ವಲ್ಪ ಹೆಚ್ಚುಕಡಿಮೆಯಾದರೂ ವೇಗ ತಪ್ಪುತ್ತದೆ, ಕೋನ ತಪ್ಪುತ್ತದೆ, ಬೆಸುಗೆ ಕೂರುವುದಿಲ್ಲ. ಅಷ್ಟು ವೋಲ್ಟೇಜಿನ ಹತ್ತಿರ ಯಾರೂ ಮೈಮರೆಯುವ ಹಾಗಿಲ್ಲ. ಇವೆಲ್ಲಕ್ಕಿಂತ ದೊಡ್ಡ ತೊಡಕು ಕಪಿತ್ಸ ಅವರ ಕಾಲದಿಂದ ಬಂದದ್ದೇ. ಕೊಳವೆಯನ್ನು ಎಷ್ಟು ಬಲದಿಂದ ಒಳಕ್ಕೆ ತಳ್ಳುತ್ತದೆಯೋ ಅಷ್ಟೇ ಬಲದಿಂದ ಸುರುಳಿ ತಾನೂ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಕೊಳವೆಗೆ ಅದು ಒಂದೇ ಸಲದ ಅನುಭವ. ಸುರುಳಿಗೆ ದಿನಕ್ಕೆ ನೂರಾರು ಸಲ. ಗಟ್ಟಿ ತಾಮ್ರದ ಮಿಶ್ರಲೋಹ, ಉಕ್ಕಿನ ಕಟ್ಟು, ಒಳಗೆ ಹರಿಯುವ ನೀರು, ಎಲ್ಲ ಇದ್ದರೂ ಎಂದೋ ಒಂದು ದಿನ ಮೂಲೆಯಲ್ಲಿ ಕೂದಲೆಳೆಯ ಬಿರುಕು ಕಾಣಿಸುತ್ತದೆ. ಆಗ ಯಂತ್ರ ನಿಲ್ಲಿಸಿ, ಬೋಲ್ಟು ಬಿಚ್ಚಿ, ಬೇರೆ ಸುರುಳಿ ಕೂರಿಸಿ ಮತ್ತೆ ಶುರುಮಾಡುತ್ತಾರೆ.