ಗೋವಿಂದ ಅವರ ಲೆಕ್ಕಕ್ಕೆ ಸಲ್ಲಬೇಕಾದದ್ದು

ಸಂಪಾಜೆಯ ಬಂಧುಗಳೇ,

ಸುಳ್ಯದ ಕಡೆಯಿಂದ ಘಟ್ಟ ಹತ್ತುವವರಿಗೆ ಕೊಡಗು ಶುರುವಾಗುವುದೇ ಈ ಊರಿನಲ್ಲಿ. ಇಲ್ಲಿಂದ ಮಡಿಕೇರಿ ದಾಟಿ ಮುಂದೆ ಹೋದರೆ ಸೋಮವಾರಪೇಟೆ, ಹಾಕಿ ಆಟಗಾರ ಬಿ. ಪಿ. ಗೋವಿಂದ ಅವರ ಹುಟ್ಟೂರು. ಅವರ ಹೆಸರು ಬಂದರೆ ಹಳಬರಿಗೆ ಮೊದಲು ನೆನಪಾಗುವುದು ತಪ್ಪಿಹೋದ ಒಂದು ಸ್ಟ್ರೋಕ್.

1973ರ ವಿಶ್ವಕಪ್ ಫೈನಲ್, ಹಾಲೆಂಡಿನ ಆಮ್‌ಸ್ಟಲ್‌ವೀನ್. ಭಾರತದ ನಾಯಕ ಕೊಡಗಿನವರೇ ಆದ ಎಂ. ಪಿ. ಗಣೇಶ್. ಸುರ್ಜಿತ್ ಸಿಂಗ್ ಹೊಡೆದ ಎರಡು ಗೋಲುಗಳಿಂದ ಮುಂದಿದ್ದ ನಮ್ಮವರನ್ನು ಆತಿಥೇಯರು 2-2ಕ್ಕೆ ಎಳೆದರು. ಹೆಚ್ಚುವರಿ ಆಟದಲ್ಲಿ ಮೊದಲು ಗೋಲು ಹೊಡೆದವರಿಗೇ ಕಪ್. ಆಗ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ತೆಗೆದುಕೊಂಡವರು ಗೋವಿಂದ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಕೋಲು ಬೀಸಿ ಹೊಡೆಯುವಂತಿಲ್ಲ, ಚೆಂಡನ್ನು ತಳ್ಳಬೇಕು ಇಲ್ಲವೇ ಎತ್ತಿ ಹಾಕಬೇಕು. ಗ್ಯಾಲರಿಯಲ್ಲಿ ಕುಳಿತವರಿಗೆ ಇದಕ್ಕಿಂತ ಸುಲಭದ ಕೆಲಸವಿಲ್ಲ! ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳ ಸರದಿಯಲ್ಲಿ ಹಾಲೆಂಡ್ 4-2ರಿಂದ ಗೆದ್ದಿತು.

ಆದರೆ ಅದಕ್ಕೂ ಮೊದಲು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಮುಂಪಂಕ್ತಿಯಲ್ಲಿ ಗೋವಿಂದ ಇದ್ದರು. ಸೋತ ಮೇಲೂ ಆಯ್ಕೆಗಾರರು ಅವರನ್ನು ಕೈಬಿಡಲಿಲ್ಲ. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ಮೊದಲ ಬಾರಿ ವಿಶ್ವಕಪ್ ಗೆದ್ದಾಗಲೂ ಅವರು ತಂಡದಲ್ಲಿದ್ದರು. ಅದೇ ವರ್ಷದ ಅರ್ಜುನ ಪ್ರಶಸ್ತಿಯೂ ಅವರದಾಯಿತು. 1976ರಲ್ಲಿ ಮಾಂಟ್ರಿಯಲ್‌ನ ಕೃತಕ ಹಾಸಿನ ಮೇಲೆ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಅಲ್ಲೂ ಅವರಿದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ.

ಅರ್ಜುನ ಸಿಕ್ಕಿತಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಅರ್ಜುನ ಆಡುವ ಕಾಲದ ಮೆಚ್ಚುಗೆ. ಇಡೀ ಬಾಳಿನ ಸಾಧನೆಯನ್ನು ತೂಗುವುದು ಬೇರೆಯೇ ಮಾತು. ಮ್ಯೂನಿಕ್‌ನಿಂದ ಕ್ವಾಲಾಲಂಪುರದವರೆಗೆ ಜೊತೆಗಿದ್ದ ಅಜಿತ್‌ಪಾಲ್ ಸಿಂಗ್ ಅವರಿಗೆ 1992ರಲ್ಲಿ ಪದ್ಮಶ್ರೀ ಬಂತು. ಗಣೇಶ್ ಅವರಿಗೆ 2020ರಲ್ಲಿ, ತಡವಾಗಿಯಾದರೂ ಬಂತು. ಆ ವರ್ಷದ ಪಟ್ಟಿಯಲ್ಲಿ ಗೋವಿಂದ ಇರಲಿಲ್ಲ. ಇಬ್ಬರೂ ನಾಯಕರಾಗಿದ್ದವರು, ಅದು ನಿಜ. ಆದರೆ ನಾಯಕನಿಗೆ ಮಾತ್ರ ಮಣೆ ಹಾಕಿದರೆ ಉಳಿದ ಹತ್ತು ಮಂದಿ ಮೈದಾನದಲ್ಲಿ ಮಾಡಿದ್ದೇನು?

ತೊಡಕು ದಾಖಲೆಯದು. ಅಂದಿನ ಸ್ಕೋರಿನಲ್ಲಿ ಗೋಲು ಹೊಡೆದವರ ಹೆಸರು ಉಳಿಯುತ್ತಿತ್ತು. ಕ್ವಾಲಾಲಂಪುರದ ಫೈನಲ್ ಎಂದರೆ ಸುರ್ಜಿತ್ ಮತ್ತು ಅಶೋಕ್ ಕುಮಾರ್. ಚೆಂಡು ಒಯ್ದುಕೊಟ್ಟವರಿಗೆ ಆ ಪುಸ್ತಕದಲ್ಲಿ ಸಾಲಿಲ್ಲ. ಸ್ಟ್ರೋಕ್ ತಪ್ಪಿದವರ ಹೆಸರು ಮಾತ್ರ ಯಾರೂ ಬರೆದಿಡದೆಯೂ ಬಾಯಿಂದ ಬಾಯಿಗೆ ಸಾಗುತ್ತದೆ.

ಫುಟ್‌ಬಾಲಿನಲ್ಲಿ ರಾಬರ್ಟೊ ಬಾಜಿಯೊ ಕಥೆಯೂ ಹೀಗೆಯೇ. 1994ರ ವಿಶ್ವಕಪ್ ಫೈನಲ್‌ನಲ್ಲಿ ಅವರ ಪೆನಾಲ್ಟಿ ಗೋಲುಪಟ್ಟಿಯ ಮೇಲೆ ಹಾರಿಹೋಯಿತು, ಬ್ರೆಜಿಲ್ ಗೆದ್ದಿತು. ಆದರೂ ಇಟಲಿಯವರು 2011ರಲ್ಲಿ ತಮ್ಮ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡರು.

ಪದ್ಮ ಪ್ರಶಸ್ತಿಗೆ ಹೆಸರು ಸೂಚಿಸಲು ಸಾರ್ವಜನಿಕರಿಗೂ ಅವಕಾಶವಿದೆ. ಕೊಡಗಿನಿಂದ ಗೋವಿಂದ ಅವರ ಹೆಸರು ಹೋಗಬೇಕು. ಆ ಅರ್ಜಿಯಲ್ಲಿ 1973ನ್ನು ಬಿಡಬಾರದು; ಬೆಳ್ಳಿ ಪದಕ ಎಂದು ಬರೆಯಬೇಕು.